ವಾರಕ್ಕೆ ಮೂರು ದಿನದ ಆಫೀಸು: ತುಮಕೂರಿನ ತಂಡಕ್ಕೆ ಯಾವ ಏರ್ಪಾಡು ಒಗ್ಗುತ್ತದೆ?

ಮೂರು ದಿನ ಆಫೀಸು, ಎರಡು ದಿನ ಮನೆ. ಈ ಪದ್ಧತಿಯ 24 ಜನರ ತಂಡಕ್ಕೆ ನಾಲ್ಕು ಏರ್ಪಾಡುಗಳನ್ನು ನಡೆಸಿ ನೋಡಿ ಬರೆಯುತ್ತಿರುವ ಹೋಲಿಕೆ ಇದು: ಬೆಂಗಳೂರಿನ ಕಚೇರಿಗೇ ಹೋಗಿಬರುವುದು, ಕೋವರ್ಕಿಂಗ್ (ಹಲವು ಕಂಪನಿಯವರು ಒಟ್ಟಿಗೆ ಕೂರುವ ಆಫೀಸಿನಲ್ಲಿ ಬಾಡಿಗೆಗೆ ಸಿಗುವ) ಸೀಟು, ಬಾಡಿಗೆ ಮಹಡಿಯಲ್ಲಿ ತಲೆಗೊಂದು ಟೇಬಲ್, ಅದೇ ಮಹಡಿಯಲ್ಲಿ ಹಂಚಿಕೊಂಡ ಟೇಬಲ್.

ಮೊದಲನೆಯದನ್ನು ಬೇಗ ಮುಗಿಸಬಹುದು. ಬೆಂಗಳೂರು ಸುಮಾರು 70 ಕಿ.ಮೀ. ಯಶವಂತಪುರದವರೆಗೆ ರೈಲಿದ್ದರೂ ಅಲ್ಲಿಂದಾಚೆ ಮತ್ತೊಂದು ಪ್ರಯಾಣ ಇದ್ದೇ ಇದೆ. ಒಂದು ಕಡೆಗೆ ಎರಡು ಗಂಟೆ ಹಿಡಿದರೆ ಮೂರು ದಿನಕ್ಕೆ 12 ಗಂಟೆ, ಅಂದರೆ ಒಂದೂವರೆ ದಿನದ ಕೆಲಸ ದಾರಿಯಲ್ಲೇ ಕರಗುತ್ತದೆ. ತಿಂಗಳಿಗೊಮ್ಮೆ ಹೋಗಿಬರಲು ಸರಿ, ವಾರಕ್ಕೆ ಮೂರು ಸಲ ಬೇಡ.

ಕೋವರ್ಕಿಂಗ್ ಆರು ಜನರವರೆಗೆ ಒಳ್ಳೆಯದು. ಅಡ್ವಾನ್ಸ್ ಕಡಿಮೆ, ಕುರ್ಚಿ ಕೊಳ್ಳುವ ತಲೆನೋವಿಲ್ಲ. ತಂಡ ಬೆಳೆದ ಮೇಲೆ ತೊಡಕು ಶುರು. ಮೀಟಿಂಗ್ ಕೋಣೆಗೆ ಗಂಟೆ ಲೆಕ್ಕದ ಬಾಡಿಗೆ ಏರುತ್ತದೆ, ವೈಫೈ ಹೊರಗಿನವರ ಜೊತೆ ಹಂಚಿಕೆಯಾಗುತ್ತದೆ, ಕರೆಂಟು ಹೋದಾಗ ಎಷ್ಟು ಹೊತ್ತು ಬ್ಯಾಕಪ್ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ತಲೆಗೊಂದು ಟೇಬಲ್ ಹಾಕಿದರೆ ಯಾರಿಗೂ ಬೇಸರವಿಲ್ಲ. 4 ಅಡಿ × 2 ಅಡಿ ಟೇಬಲ್, ಕುರ್ಚಿ, ಓಡಾಟದ ದಾರಿ ಸೇರಿ ತಲೆಗೆ 60 ಚದರಡಿ ಇಟ್ಟರೆ 1,440 ಚದರಡಿ ಬೇಕು. ಸರಾಸರಿ ಬರುವವರು 14 ಜನ, ಮಿಕ್ಕ ಹತ್ತು ಟೇಬಲ್ ಧೂಳು ಹಿಡಿಯುತ್ತವೆ.

ಹಾಗೆಂದು ಸರಾಸರಿ ನೋಡಿ 14 ಟೇಬಲ್ ಹಾಕಿದರೆ ಕೆಡುತ್ತದೆ. ಹಂಚಿಕೆಯ ಆಫೀಸುಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ದಿನ ಆರಿಸುವುದನ್ನು ಅವರವರಿಗೇ ಬಿಟ್ಟರೆ ಸೋಮವಾರ, ಶುಕ್ರವಾರ ಖಾಲಿ, ನಡುವಿನ ಮೂರು ದಿನ ಕೂರಲು ಜಾಗವಿಲ್ಲ. ಎರಡು ಸಲ ಜಾಗ ಸಿಗದೆ ವಾಪಸಾದವರು ಮೂರನೆಯ ಸಲ ಬರುವುದೇ ಇಲ್ಲ. ಟೇಬಲ್ ಎಣಿಸಬೇಕಾದದ್ದು ಅತಿ ಹೆಚ್ಚು ಜನ ಸೇರುವ ದಿನಕ್ಕೆ, ಆ ದಿನ ಯಾವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ನಮಗೆ ಒಗ್ಗಿದ್ದು ಹೀಗೆ: 12 ಜನರ ಒಂದು ಗುಂಪಿಗೆ ಸೋಮವಾರ, ಮಂಗಳವಾರ, ಇನ್ನೊಂದಕ್ಕೆ ಗುರುವಾರ, ಶುಕ್ರವಾರ, ಬುಧವಾರ ಎಲ್ಲರೂ. ಟೇಬಲ್ 14. ಬುಧವಾರದ ಮಿಕ್ಕ ಹತ್ತು ಜನಕ್ಕೆ ಒಂದು ಉದ್ದನೆಯ ಮೇಜು, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವುದೂ ಅಲ್ಲೇ. ಬುಧವಾರ ಚರ್ಚೆಗೆಂದೇ ಮೀಸಲು, ತಲೆ ತಗ್ಗಿಸಿ ಮಾಡುವ ಕೆಲಸ ಬೇರೆ ದಿನ. ಟೇಬಲ್‌ಗಳಿಗೆ 840, ಉದ್ದ ಮೇಜಿಗೆ 200, ಫೋನ್ ಕೋಣೆ, ಲಾಕರ್‌ಗಳಿಗೆ ಸುಮಾರು 120, ಒಟ್ಟು 1,160 ಚದರಡಿ. ಟೇಬಲ್ ನೂರಕ್ಕೆ 40ರಷ್ಟು ಇಳಿದರೂ ಜಾಗ ಉಳಿದದ್ದು ನೂರಕ್ಕೆ 20ರ ಆಸುಪಾಸು ಮಾತ್ರ. ಬಾಡಿಗೆ ಅರ್ಧವಾಗುತ್ತದೆಂದು ಕಂಪನಿಯ ಮಾಲೀಕರಿಗೆ ಮಾತು ಕೊಡುವ ಮೊದಲು ಈ ಲೆಕ್ಕ ಹಾಕಿ.

ಲಾಕರ್ ಇಲ್ಲದೆ ಹಂಚಿಕೆ ನಡೆಯದು. ಒಂದೂವರೆ ಅಡಿ ಎತ್ತರದ ಖಾನೆ ತಲೆಗೊಂದು ಬೇಕು. ಇಲ್ಲವಾದರೆ ಕೀಬೋರ್ಡು, ನೀರಿನ ಬಾಟಲಿ, ಸ್ವೆಟರ್ ಟೇಬಲ್ ಮೇಲೇ ಉಳಿದು, ವಾರದೊಳಗೆ ಅದು ಒಬ್ಬರ ಸ್ವಂತ ಟೇಬಲ್ ಆಗುತ್ತದೆ. ಬುಕ್ ಮಾಡಿದವರು 10:30ಕ್ಕೆ ಬರದಿದ್ದರೆ ಜಾಗ ಬೇರೆಯವರಿಗೆ ಎಂಬ ನಿಯಮವೂ ಇರಲಿ.

ಹೆಚ್ಚು ಯೋಚನೆ ಬೇಡುವುದು ಫೋನ್ ಕೋಣೆ. ಅರ್ಧ ತಂಡ ಮನೆಯಲ್ಲಿರುವುದರಿಂದ ಆಫೀಸಿಗೆ ಬಂದವರೂ ವಿಡಿಯೊ ಕರೆಯಲ್ಲೇ ಇರುತ್ತಾರೆ. 4 × 4 ಅಡಿಯ ಎರಡು ಕೋಣೆ ಸಾಕು. ಜಿಪ್ಸಂ ಗೋಡೆಯನ್ನು ಫಾಲ್ಸ್ ಸೀಲಿಂಗ್‌ವರೆಗೆ ಎತ್ತಿ ನಿಲ್ಲಿಸಿದರೆ ಮಾತೆಲ್ಲ ಮೇಲಿನಿಂದ ಪಕ್ಕಕ್ಕೆ ಹಾರುತ್ತದೆ. ಮೇಲಿನ ಆರ್‌ಸಿಸಿ ತಾರಸಿಗೇ ಮುಟ್ಟಿಸಬೇಕು. ಬಾಗಿಲ ಕೆಳಗಿನ ಅರ್ಧ ಇಂಚು ಸಂದಿಗೆ ರಬ್ಬರ್ ಪಟ್ಟಿ ಹಾಕಿ. ಹೀಗೆ ಮುಚ್ಚಿದ ಕೋಣೆಯಲ್ಲಿ ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿದಂತಾಗುವುದರಿಂದ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಬೇಕು, ಗಾಳಿ ಒಳಬರಲು ಒಳಗೆ ಫೋಮ್ ಅಂಟಿಸಿದ, ತಿರುವಿರುವ ಕೊಳವೆಯೂ ಬೇಕು. ಕೊಳವೆ ನೇರವಾಗಿದ್ದರೆ ಶಬ್ದವೂ ಅದರಲ್ಲೇ ನುಗ್ಗುತ್ತದೆ. ಬಿ.ಎಚ್. ರಸ್ತೆ ಕಡೆಯ ಕಿಟಕಿ ಪಕ್ಕ ಈ ಕೋಣೆ ಕಟ್ಟಬೇಡಿ, ಹಾರ್ನ್ ತಡೆಯುವುದು ಕಷ್ಟ.

ಯುಪಿಎಸ್ ಲೆಕ್ಕವೂ ಬುಧವಾರದ್ದೇ. ಲ್ಯಾಪ್‌ಟಾಪ್ 65 ವ್ಯಾಟ್, ಮಾನಿಟರ್ 25 ಎಂದರೆ 14 ಟೇಬಲ್‌ಗೆ 1,260. ಉದ್ದ ಮೇಜಿನ ಹತ್ತು ಲ್ಯಾಪ್‌ಟಾಪ್‌ಗೆ 650. ರೂಟರ್, ಸ್ವಿಚ್‌ಗೆ 100. ಒಟ್ಟು ಸುಮಾರು 2,000 ವ್ಯಾಟ್. ಯುಪಿಎಸ್ ಮಾರುವುದು ಕೆವಿಎ ಲೆಕ್ಕದಲ್ಲಿ; ಪವರ್ ಫ್ಯಾಕ್ಟರ್ (ಅದರಲ್ಲಿ ವ್ಯಾಟ್ ಆಗಿ ಸಿಗುವ ಪಾಲು) 0.8 ಹಿಡಿದರೆ 2.5 ಕೆವಿಎ, ಆದ್ದರಿಂದ 3 ಕೆವಿಎ ಕೊಳ್ಳಿ. 12 ವೋಲ್ಟ್, 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ನಾಲ್ಕು ಬ್ಯಾಟರಿ ಅರ್ಧದಷ್ಟೇ ಖಾಲಿಯಾಗುವಂತೆ ಬಳಸಿದರೆ ಬುಧವಾರ ಒಂದೂವರೆ ಗಂಟೆ, ಉಳಿದ ದಿನ ಎರಡೂವರೆ ಗಂಟೆ ಬರುತ್ತದೆ. ಎಸಿಯನ್ನು ಇದಕ್ಕೆ ಸೇರಿಸಬೇಡಿ.

ಇಂಟರ್‌ನೆಟ್ ಎರಡು ಕಂಪನಿಗಳದ್ದಿದ್ದರೆ ಸಾಲದು, ಎರಡರ ಕೇಬಲ್ ಒಂದೇ ಕಂಬದಿಂದ ಬಂದಿದೆಯೇ ಎಂದು ಹೊರಗೆ ನಿಂತು ನೋಡಿ. ಒಂದೇ ಕಂಬವಾದರೆ ಎರಡನೆಯದರ ಬದಲು 5ಜಿ ರೂಟರ್ ಇಡುವುದು ಲೇಸು.

ಇನ್ನು ಕರಾರು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ 11 ತಿಂಗಳ ರೂಢಿ ಬಂದದ್ದು. ಗೋಡೆ, ವೈರಿಂಗ್‌ಗೆ ಹಣ ಹಾಕುವವರಿಗೆ 11 ತಿಂಗಳು ತೀರಾ ಕಡಿಮೆ. ಮೂರು ವರ್ಷಕ್ಕೆ ನೋಂದಾಯಿಸಿ, ಬಿಡುವಂತಿಲ್ಲ ಎಂಬ ಷರತ್ತು ಮೊದಲ ವರ್ಷಕ್ಕಷ್ಟೇ ಇರುವಂತೆ ಕೇಳಿ. ಖಾಲಿ ಮಾಡುವಾಗ ಫೋನ್ ಕೋಣೆಯ ಗೋಡೆಯನ್ನು ಕೀಳಿಸುವ ಖರ್ಚು ಯಾರದ್ದು ಎಂಬುದನ್ನೂ ಅದರಲ್ಲೇ ಬರೆಸಿ.