22 ಎಲೆಕ್ಟ್ರೋಡ್‌ಗಳ ಕಾಕ್ಲಿಯರ್ ಇಂಪ್ಲಾಂಟ್: ಮಾತಿಗೆ ಸೈ, ಸಂಗೀತಕ್ಕೆ ಅಷ್ಟಕ್ಕಷ್ಟೇ

ಕಾಕ್ಲಿಯ ಅಂದರೆ ಒಳಗಿವಿಯ ಬಸವನಹುಳುವಿನಾಕಾರದ ಸುರುಳಿ. ಅದರ ಬುಡ ಕೀರಲು ದನಿಗೆ, ತುದಿ ದಪ್ಪ ದನಿಗೆ. ಈ ಹಂಚಿಕೆ ಮಿದುಳಿನಲ್ಲಿ ಶಬ್ದ ಗ್ರಹಿಸುವ ಹೊರಪದರವಾದ ಶ್ರವಣ ಕಾರ್ಟೆಕ್ಸ್‌ವರೆಗೂ ಉಳಿಯುತ್ತದೆ. ಅಲ್ಲಿಯೂ ಹತ್ತಿರದ ಆವರ್ತನಗಳಿಗೆ ಅಕ್ಕಪಕ್ಕದ ನರಕೋಶಗಳೇ. ಕಾಕ್ಲಿಯದೊಳಗೆ ಎಲೆಕ್ಟ್ರೋಡ್ ಸಾಲು ತೂರಿಸಿ ಶ್ರವಣ ನರವನ್ನು ವಿದ್ಯುತ್ತಿನಿಂದ ಮಿಡಿಸುವ ಇಂಪ್ಲಾಂಟ್ ನಂಬಿಕೊಂಡಿರುವುದು ಇದನ್ನೇ: ಯಾವ ಜಾಗದ ನರ ಮಿಡಿಯಿತೋ ಆ ಸ್ಥಾಯಿ ಕೇಳುತ್ತದೆ.

ಆದರೆ ಕಾಕ್ಲಿಯಕ್ಕೆ ಎರಡೂವರೆ ಸುತ್ತು, ಎಲೆಕ್ಟ್ರೋಡ್ ಸಾಲು ಹೋಗುವುದು ಹೆಚ್ಚೆಂದರೆ ಒಂದೂವರೆ. ಹಾಗಾಗಿ ದಪ್ಪ ದನಿಗಳೂ ಮೇಲಿನ ಸ್ಥಾಯಿಯ ಜಾಗಕ್ಕೇ ಬೀಳುತ್ತವೆ. ಮೊದಲು ಕಿವಿ ಕೇಳುತ್ತಿದ್ದವರಿಗೆ ಆರಂಭದಲ್ಲಿ ಎಲ್ಲರ ದನಿಯೂ ಕೀಚಲಾಗಿ ಕೇಳಲು ಇದೇ ಕಾರಣ, ಯಂತ್ರ ಕೆಟ್ಟಿರುವುದಿಲ್ಲ. ಮಿದುಳು ಹೊಂದಿಕೊಳ್ಳಲು ತಿಂಗಳುಗಳು ಬೇಕು, ಅದೂ ಎಚ್ಚರವಿರುವಷ್ಟು ಹೊತ್ತೂ ಧರಿಸಿದರೆ ಮಾತ್ರ. ಹುಟ್ಟುಕಿವುಡಿನ ಮಕ್ಕಳಿಗೆ ಮೂರೂವರೆ ವರ್ಷದೊಳಗೆ ಹಾಕಿಸುವುದು ಲೇಸು. ಏಳು ದಾಟಿದರೆ ಕಾರ್ಟೆಕ್ಸ್ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಕಾಲದ ವ್ಯತ್ಯಾಸಗಳು ಚೆನ್ನಾಗಿ ದಾಟುತ್ತವೆ: ಬಳೆ–ಬಾಳೆ, ಕತೆ–ಕತ್ತೆ ಗೊಂದಲವಾಗುವುದು ಕಡಿಮೆ. ಸಾಲು–ಶಾಲು ಕಷ್ಟ, ಅದರಲ್ಲೂ ಬುಡದ ಕಡೆಯ ಎಲೆಕ್ಟ್ರೋಡ್ ಒಂದೆರಡು ಕೆಟ್ಟು ಆಫ್ ಆಗಿದ್ದರೆ.

ಸಂಗೀತಪ್ರಿಯರು ಮೊದಲೇ ತಿಳಿದಿರಲಿ. ತುದಿಯ ಎಲೆಕ್ಟ್ರೋಡ್‌ಗೆ ಸಾಮಾನ್ಯವಾಗಿ ಸಿಗುವ ಪಾಲು 188ರಿಂದ 313 ಹರ್ಟ್ಸ್. ಷಡ್ಜ 200 ಹರ್ಟ್ಸ್ ಆದರೆ ಪಂಚಮ 300, ಎರಡರ ಮೂಲಸ್ವರವೂ ಅಲ್ಲೇ ಬಿತ್ತು! ಸಾಲದ್ದಕ್ಕೆ ವಿದ್ಯುತ್ತು ಕಾಕ್ಲಿಯದ ದ್ರವದಲ್ಲಿ ಹರಡಿ ನೆರೆಯ ನರಗಳನ್ನೂ ಮಿಡಿಯುವುದರಿಂದ 22 ಬಿಂದುಗಳು 22 ಬೇರೆ ಬೇರೆ ಸ್ವರಗಳಾಗುವುದಿಲ್ಲ. ಮೃದಂಗದ ಲಯ ಸಲೀಸು, ರಾಗ ಕೈಗೆ ಸಿಗದು. ಮದುವೆ ಮನೆಯ ಗದ್ದಲದಲ್ಲಿ ಮಾತು ಕಲೆಸಿಹೋಗುವುದೂ ಬಹುಮಟ್ಟಿಗೆ ಇದರಿಂದಲೇ.

ಹೊಸ ಪ್ರೊಸೆಸರ್‌ಗೆ (ಹೊರಗೆ ಧರಿಸುವ ಭಾಗ) ದುಡ್ಡು ಸುರಿಯುವ ಮುನ್ನ ಮ್ಯಾಪಿಂಗ್, ಅಂದರೆ ಎಲೆಕ್ಟ್ರೋಡ್‌ಗಳ ವಿದ್ಯುತ್ ಮಟ್ಟದ ಹೊಂದಾಣಿಕೆ, ಸರಿಯಿದೆಯೇ ನೋಡಿಸಿ. ಪ್ರತಿ ಎಲೆಕ್ಟ್ರೋಡ್‌ಗೂ ಎರಡು ಮಟ್ಟ: ಕೇಳಿಯೂ ಕೇಳದಂತಿರುವ ಟಿ, ಹಿತವಾಗಿ ತಡೆಯಬಲ್ಲ ಗರಿಷ್ಠ ಸಿ. ಟಿ ಹೆಚ್ಚಾದರೆ ಸುಮ್ಮನಿದ್ದಾಗಲೂ ಗುಂಯ್‌ಗುಡುತ್ತದೆ. ಕಡಿಮೆಯಾದರೆ ಪಿಸುಮಾತು ತಪ್ಪುತ್ತದೆ. ಶಬ್ದವಾದಾಗಲೆಲ್ಲ ಕೆನ್ನೆ ಅದುರಿದರೆ ಮುಖದ ನರಕ್ಕೂ ವಿದ್ಯುತ್ತು ತಗಲುತ್ತಿದೆ, ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ಹೇಳಿ, ಆ ಎಲೆಕ್ಟ್ರೋಡಿನ ಸಿ ಇಳಿಸುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಮ್ಯಾಪಿಂಗ್ ಸೌಲಭ್ಯವಿದೆ.

ಮಳೆಗಾಲದಲ್ಲಿ ರಾತ್ರಿ ಪ್ರೊಸೆಸರನ್ನು ತೇವ ಹೀರುವ ಡ್ರೈ ಬಾಕ್ಸ್‌ನಲ್ಲಿಡುವುದು ಕಡ್ಡಾಯ. ದನಿ ಮೆಲ್ಲಮೆಲ್ಲಗೆ ಮಂಕಾದರೆ ಮೊದಲು ಮೈಕ್ ಕವರ್ ಬದಲಿಸಿ, ಬಿಟ್ಟು ಬಿಟ್ಟು ಬಂದರೆ ಕಾಯಿಲ್ (ತಲೆಗೆ ಅಂಟಿಕೊಳ್ಳುವ ಬಿಲ್ಲೆ) ಕೇಬಲ್. 675 ಝಿಂಕ್-ಏರ್ ಬ್ಯಾಟರಿಯ ಸ್ಟಿಕ್ಕರ್ ಕಿತ್ತೊಡನೆ ಹಾಕಬೇಡಿ, ಒಂದೆರಡು ನಿಮಿಷ ಗಾಳಿಗಿಡಿ.