ಎಚ್‌ಎಸ್‌ಎಸ್, ವಿಡಿಯಾ, ಇನ್ಸರ್ಟ್: ಪುಟ್ಟ ಲೇತಿನಲ್ಲಿ ಮೂರನ್ನೂ ಓಡಿಸಿ ನೋಡಿದ್ದು

ಮೂರನೇ ಪಿಸ್ಟನ್ನೂ ಕೆಟ್ಟ ದಿನ, ಲೋಹದ ಕಡ್ಡಿಯನ್ನು ತಿರುಗಿಸುತ್ತಾ ಟೂಲಿನಿಂದ ಕೊರೆಯುವ ನನ್ನ ಲೇತ್ ಆಫ್ ಮಾಡಿ, ಇದ್ದಬದ್ದ ಟೂಲುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತೆ. ತಪ್ಪು ನನ್ನದಾ, ಲೇತಿನದಾ, ಟೂಲಿನದಾ? ಮೂರೂ ಇರಬಹುದು. ಆದರೆ ನನ್ನನ್ನು ಬದಲಾಯಿಸುವುದು ಕಷ್ಟ, ಲೇತ್ ಬದಲಾಯಿಸಲು ದುಡ್ಡಿಲ್ಲ. ಉಳಿದದ್ದು ಟೂಲ್. ಹಾಗಾಗಿ ಒಂದೇ ಎಂಜಿನ್ನಿನ ಭಾಗಗಳನ್ನು ಮೂರು ಥರದ ಟೂಲಿನಲ್ಲೂ ಕೊರೆದು ನೋಡೋಣ ಅಂತ ಹೊರಟೆ. ಮೂರು ತಿಂಗಳ ಭಾನುವಾರಗಳು ಅದಕ್ಕೇ ಹೋದವು.

ಎಂಜಿನ್ ಅಂದರೆ ಅಂಗೈ ಮೇಲೆ ಕೂರುವಷ್ಟು ಚಿಕ್ಕ ಸ್ಟೀಮ್ ಎಂಜಿನ್. ಸಿಲಿಂಡರೇ ಅತ್ತಿತ್ತ ತೂಗುತ್ತಾ ಹಬೆಯ ತೂತುಗಳನ್ನು ತೆರೆದು ಮುಚ್ಚುವ ಮಾದರಿ. ಬೇರೆ ವಾಲ್ವ್ ಬೇಡ, ಅದಕ್ಕೇ ಹೊಸಬರು ಇದರಿಂದ ಶುರು ಮಾಡುವುದು ಜಾಸ್ತಿ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ 12 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಡಾಟ 20 ಮಿ.ಮೀ. ಸಿಲಿಂಡರ್ ಹಿತ್ತಾಳೆಯದು. ಸದ್ಯ ಹಬೆಯಲ್ಲಿ ಅಲ್ಲ, ಕಂಪ್ರೆಸರ್ ಗಾಳಿಯಲ್ಲಿ ಓಡಿಸುತ್ತೇನೆ, ತುಕ್ಕಿನ ಭಯ ಕಡಿಮೆ, ಆದ್ದರಿಂದ ಪಿಸ್ಟನ್ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು). ಕಂಬಗಳು ಅಲ್ಯೂಮಿನಿಯಂ, ಫ್ಲೈವೀಲ್ (ಓಟ ಸಮವಾಗಿಡುವ ಭಾರದ ಚಕ್ರ) ಬೀಡು, ಅಂದರೆ ಎರಕದ ಕಬ್ಬಿಣ.

ಲೇತ್ ಟೆರೇಸ್ ಮೇಲಿನ ರೂಮಿನಲ್ಲಿದೆ. ಚೀನಾದ್ದು, ಏಳು-ಹದಿನಾಲ್ಕು (ಇಂಚು) ಅಂತ ಎಲ್ಲರೂ ಕರೆಯುವ ಅಳತೆ. 180 ಮಿ.ಮೀ. ಸ್ವಿಂಗ್ (ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ), ಸೆಂಟರುಗಳ ನಡುವೆ 350 ಮಿ.ಮೀ., 550 ವಾಟ್ ಮೋಟರ್, ಮೇಲಿನ ವೇಗ 2,500 ಆರ್‌ಪಿಎಂ. ತೂಕ ಸುಮಾರು 40 ಕೆ.ಜಿ. ಎಚ್‌ಎಂಟಿ 1950ರ ದಶಕದಿಂದ ಲೇತ್ ಮಾಡಿದ ಬೆಂಗಳೂರಿನಲ್ಲಿ ಕೂತು ಇದನ್ನು ಲೇತ್ ಅನ್ನಲು ಸ್ವಲ್ಪ ನಾಚಿಕೆಯಾಗುತ್ತದೆ. ಎಚ್‌ಎಂಟಿಯ ದೊಡ್ಡ ಲೇತಿನ ಮುಂದೆ ಇದು ಹೊಲಿಗೆ ಮೆಷಿನ್. ಜೋರಾಗಿ ಕಟ್ ಕೊಟ್ಟರೆ ಬಾಗುತ್ತದೆ, ಗಡಗಡ ನಡುಗುತ್ತದೆ. ಮುಂದೆ ಹೇಳುವುದೆಲ್ಲ ಇಂಥ ಬಡಪಾಯಿ ಲೇತಿಗೆ ಮಾತ್ರ ಅನ್ವಯಿಸುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಕೆಲಸ ಮಾಡುವವರು ಇದನ್ನು ಓದಿ ನಗಬೇಡಿ.

ಮೊದಲನೆಯದು ಎಚ್‌ಎಸ್‌ಎಸ್ ಬಿಟ್. ಹೈ ಸ್ಪೀಡ್ ಸ್ಟೀಲ್ ಅನ್ನುವ ಗಟ್ಟಿ ಉಕ್ಕಿನ ಚೌಕದ ಕಡ್ಡಿ, ತುದಿಯನ್ನು ನಾವೇ ಗ್ರೈಂಡರಿನಲ್ಲಿ ಸಾಣೆ ಹಿಡಿದುಕೊಳ್ಳಬೇಕು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್‌ನವರು ಇಂಥ ಉಕ್ಕನ್ನು ತೋರಿಸಿದ್ದರು. ತುದಿ ಮಂಕಾಗಿ ಕೆಂಪಾದರೂ ಹರಿತ ಬಿಡದೆ ಕೊರೆಯುವುದನ್ನು ನೋಡಿ ಜನ ದಂಗಾಗಿದ್ದರಂತೆ. ಈಗ ಅದು ಮೂರರಲ್ಲಿ ಅಜ್ಜ.

ಎರಡನೆಯದು ಬ್ರೇಜ್ ಮಾಡಿದ ಕಾರ್ಬೈಡ್ ಟೂಲ್, ಅಂದರೆ ಉಕ್ಕಿನ ಕಡ್ಡಿಯ ತುದಿಗೆ ತುಂಬ ಗಟ್ಟಿಯಾದ ಕಾರ್ಬೈಡ್ ತುಂಡನ್ನು ಬೆಸೆದದ್ದು. ನಮ್ಮ ಕಡೆ ಅದನ್ನು ಯಾರೂ ಹಾಗೆ ಕರೆಯಲ್ಲ, ವಿಡಿಯಾ ಟೂಲ್ ಅಂತಾರೆ. ಗೋಡೆಗೆ ತೂತು ಹಾಕುವ ಬಿಟ್ಟೂ ವಿಡಿಯಾ ಬಿಟ್ಟೇ, ಅಲ್ವಾ? ಅದು ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇಟ್ಟ ಹೆಸರು. ಜರ್ಮನ್ ಭಾಷೆಯ 'ವೀ ಡಿಯಾಮಾಂಟ್', ಅಂದರೆ 'ವಜ್ರದ ಹಾಗೆ' ಅನ್ನುವುದನ್ನು ಮೊಟಕು ಮಾಡಿದ್ದು. ಇಲ್ಲೇ ತುಮಕೂರು ರಸ್ತೆಯಲ್ಲಿ ವಿಡಿಯಾ ಇಂಡಿಯಾ ಕಾರ್ಖಾನೆ ಇತ್ತು, ಈಗ ಅದು ಕೆನ್ನಾಮೆಟಲ್. ಕಂಪನಿ ಹೆಸರು ಬದಲಾಯಿತು, ಅಂಗಡಿಯವರ ಬಾಯಲ್ಲಿ ಮಾತ್ರ ವಿಡಿಯಾ ಹಾಗೇ ಉಳಿಯಿತು.

ಮೂರನೆಯದು ಇನ್ಸರ್ಟ್. ಹೋಲ್ಡರಿಗೆ ಪುಟ್ಟ ಸ್ಕ್ರೂ ಹಾಕಿ ಕೂರಿಸುವ ಕಾರ್ಬೈಡ್ ಬಿಲ್ಲೆ. ಒಂದು ಮೂಲೆ ಮೊಂಡಾದರೆ ತಿರುಗಿಸಿ ಹಾಕಿದರಾಯಿತು. ನನ್ನ ಹತ್ತಿರ ಇರುವುದು ಸಿಸಿಎಂಟಿ 060204. ಮೊದಲ 'ಸಿ' ಅಂದರೆ 80 ಡಿಗ್ರಿಯ ವಜ್ರಾಕಾರ, ಎರಡನೇ 'ಸಿ' ಅಂದರೆ ಅಂಚಿನ ಕೆಳಗೆ, ಕಡ್ಡಿಗೆ ಉಜ್ಜದ ಹಾಗೆ, 7 ಡಿಗ್ರಿ ಕ್ಲಿಯರೆನ್ಸ್. 06 ಅಂಚಿನ ಉದ್ದ, 02 ದಪ್ಪ, ಕೊನೆಯ 04 ಅಂದರೆ ಮೂಗಿನ ದುಂಡು 0.4 ಮಿ.ಮೀ. ಈ ಕೊನೆಯ 04 ನೆನಪಿರಲಿ. ನನ್ನ ಪಿಸ್ಟನ್ನುಗಳನ್ನು ಕೊಂದದ್ದು ಮುಖ್ಯವಾಗಿ ಇದೇ.

ಲೆಕ್ಕ ಮೊದಲೇ ಮಾಡಬೇಕಿತ್ತು, ನಾನು ಆಮೇಲೆ ಮಾಡಿದೆ. ಎಂ.ಎಸ್. ಕೊರೆಯಲು ಎಚ್‌ಎಸ್‌ಎಸ್‌ಗೆ ನಿಮಿಷಕ್ಕೆ ಸುಮಾರು 30 ಮೀಟರ್ ವೇಗ ಸಾಕು. 12 ಮಿ.ಮೀ. ಕಡ್ಡಿಗೆ ಅದು ಸುಮಾರು 800 ಆರ್‌ಪಿಎಂ. ಕಾರ್ಬೈಡಿಗೆ 120 ಮೀಟರ್ ಅಂತ ಇಟ್ಟುಕೊಂಡರೆ ಸುಮಾರು 3,200 ಆರ್‌ಪಿಎಂ ಬೇಕು. ನನ್ನ ಲೇತ್ ಎದ್ದು ಬಿದ್ದು ಓಡಿದರೂ 2,500. ಅಂದರೆ ಸಣ್ಣ ಕಡ್ಡಿಯಲ್ಲಿ ಕಾರ್ಬೈಡಿಗೆ ಅದರ ನಿಜವಾದ ವೇಗ ಸಿಗುವುದೇ ಇಲ್ಲ.

ಈಗ ಪಿಸ್ಟನ್ ಕಥೆ. ಬೋರ್ ಹೆಚ್ಚುಕಮ್ಮಿ 12.01ಕ್ಕೆ ಬಂದಿತ್ತು. ಪಿಸ್ಟನ್ 11.99 ಆಗಬೇಕು. ಇನ್ಸರ್ಟಿನಲ್ಲಿ ಕೊರೆಯುತ್ತಾ 12.07ಕ್ಕೆ ತಂದೆ. ಇನ್ನು ತೆಗೆಯಬೇಕಾದದ್ದು ವ್ಯಾಸದಲ್ಲಿ 0.08, ಅಂದರೆ ಟೂಲನ್ನು ಮುಂದೆ ಸರಿಸುವ ಡಯಲಿನಲ್ಲಿ ಅದರ ಅರ್ಧ, 0.04. ಕೊಟ್ಟೆ. ಟೂಲ್ ಓಡಿತು, ಪಿಸ್ಟನ್ ಫಳಫಳ ಹೊಳೆಯಿತು. ಮೈಕ್ರೋಮೀಟರ್ ಹಿಡಿದರೆ 12.06. ಕೊರೆದೇ ಇಲ್ಲ, ಸುಮ್ನೆ ಉಜ್ಜಿದೆ! ಇನ್ನೂ 0.03 ಕೊಟ್ಟೆ. ಈ ಸಲ ಕಚ್ಚಿಕೊಂಡಿತು ನೋಡಿ, ಒಂದೇ ಏಟಿಗೆ 11.91. ಸಿಲಿಂಡರಿನೊಳಗೆ ಬಿಟ್ಟರೆ ಲೋಟದಲ್ಲಿ ಚಮಚ ಅಲ್ಲಾಡಿದ ಹಾಗೆ. ಎರಡನೆಯದು, ಮೂರನೆಯದು, ಎಲ್ಲಕ್ಕೂ ಇದೇ ಗತಿ.

ಕಾರಣ ಇಷ್ಟೇ. ಸಾಮಾನ್ಯ ಇನ್ಸರ್ಟಿನ ಅಂಚು ನಿಜವಾಗಿ ಹರಿತವಲ್ಲ. ಒಡೆಯದಿರಲಿ ಅಂತ ಅದನ್ನು ಕೊಂಚ ದುಂಡು ಮಾಡಿರುತ್ತಾರೆ. ಮೂಗಿನ ದುಂಡು 0.4 ಇರುವಾಗ 0.04 ಆಳ ಕೊಟ್ಟರೆ ಅದು ಲೋಹದ ಒಳಗೆ ಹೋಗುವ ಬದಲು ಲೋಹವನ್ನು ತಳ್ಳುತ್ತದೆ. ಲೇತ್ ಗಟ್ಟಿಯಾಗಿದ್ದರೆ ಅದು ಬಗ್ಗದೆ ನಿಲ್ಲುತ್ತದೆ. ನನ್ನದು ಹಿಂದೆ ಸರಿಯುತ್ತದೆ. ಒತ್ತಡ ಸಾಕಷ್ಟು ಸೇರಿದ ಮೇಲೆ ಒಮ್ಮೆಲೇ ಒಳಗೆ ನುಗ್ಗುತ್ತದೆ.

ನಾಲ್ಕನೇ ಪಿಸ್ಟನ್ನಿಗೆ ಎಚ್‌ಎಸ್‌ಎಸ್ ಹಾಕಿದೆ. ಗ್ರೈಂಡ್ ಮಾಡಿದ ಮೇಲೆ ಅಂಚನ್ನು ಎಣ್ಣೆಗಲ್ಲಿನ ಮೇಲೆ ಹತ್ತು ಸಲ ಎಳೆದೆ, ನಾವಿದರು ಕತ್ತಿ ಮಸೆಯುವ ಹಾಗೆ. 0.01 ಕೊಟ್ಟರೆ ಕೂದಲಿನಂಥ ಸುರುಳಿ ಬಂತು. ಅಳೆದರೆ ವ್ಯಾಸ 0.02 ಕಡಿಮೆ. ಹೇಳಿದಷ್ಟೇ ಕೊರೆಯಿತು, ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. 11.99ಕ್ಕೆ ನಿಲ್ಲಿಸಿ, ಎಣ್ಣೆ ಹಚ್ಚಿ ಸಿಲಿಂಡರಿಗೆ ಬಿಟ್ಟು, ಕೆಳಗಿನ ತೂತಿಗೆ ಬೆರಳಿಟ್ಟರೆ ಪಿಸ್ಟನ್ ಗಾಳಿಯ ಮೇಲೆ ನಿಂತುಕೊಂಡಿತು. ಆ ದಿನ ಮನೆಯವರನ್ನೆಲ್ಲ ಟೆರೇಸಿಗೆ ಕರೆದು ತೋರಿಸಿದೆ. ಯಾರಿಗೂ ಏನೂ ಅನ್ನಿಸಲಿಲ್ಲ.

ಇನ್ಸರ್ಟಿಗೆ ಅನ್ಯಾಯ ಆಗಬಾರದು. ಅದರಲ್ಲೂ ಅಳತೆ ತರಬಹುದು, ದಾರಿ ಬೇರೆ ಅಷ್ಟೇ. ಕೊನೆಗೆ ಚೂರು ಚೂರು ತೆಗೆಯುತ್ತಾ ಹೋಗಬಾರದು. ವ್ಯಾಸದಲ್ಲಿ ಒಂದು ಮಿ.ಮೀ. ಉಳಿದಿರುವಾಗಲೇ ಅಳೆದು, ಅದನ್ನು ಎರಡು ಸಮ ಕಟ್ ಆಗಿ ಹಂಚಬೇಕು. ಮೊದಲ ಕಟ್ಟಿನಲ್ಲಿ ಎಷ್ಟು ಹಿಂದೆ ಸರಿಯಿತೋ ಎರಡನೆಯದರಲ್ಲೂ ಅಷ್ಟೇ ಸರಿಯುತ್ತದೆ, ಆ ವ್ಯತ್ಯಾಸ ಸೇರಿಸಿ ಡಯಲ್ ಕೊಡಬೇಕು. ಹೀಗೆ ಮಾಡಿ 11.98 ತಂದಿದ್ದೇನೆ. ಬರುತ್ತದೆ, ಆದರೆ ಎದೆ ಢವಢವ ಅನ್ನುತ್ತದೆ.

ಇದೇ ಕೆಲಸಕ್ಕೆ ವಿಡಿಯಾ? ಪೊಟ್ಟಣದಿಂದ ತೆಗೆದ ಹಾಗೇ ಹಾಕಿದರೆ ಇನ್ಸರ್ಟಿಗಿಂತ ಕಡೆ. ಹೊಸ ಟೂಲಿಗೇ ಸಾಣೆ ಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಅದೂ ಗ್ರೈಂಡರಿನ ಬೂದು ಕಲ್ಲಿನಲ್ಲಿ ಆಗಲ್ಲ. ಕಾರ್ಬೈಡಿಗೆ ಹಸಿರು ಕಲ್ಲು ಅಥವಾ ಡೈಮಂಡ್ ವೀಲ್ ಬೇಕು. ಆ ಪುಡಿ ಪುಪ್ಪಸಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಲೇಬೇಕು. ಬಿಸಿಯಾಯಿತು ಅಂತ ಎಚ್‌ಎಸ್‌ಎಸ್ ಥರ ನೀರಿಗೆ ಅದ್ದಿದರೆ ತುದಿ ಸಣ್ಣಗೆ ಬಿರುಕು ಬಿಡುತ್ತದೆ. ನಾನು ಅದ್ದಿದೆ. ಬಿಟ್ಟಿತು.

ಹಾಗಾದರೆ ವಿಡಿಯಾ ದಂಡವಾ? ಹಾಗೇ ಅಂದುಕೊಂಡಿದ್ದೆ, ಫ್ಲೈವೀಲ್ ಬರುವ ತನಕ.

ನನ್ನ ಹೆಂಡತಿಯ ತಮ್ಮ ಬೆಳಗಾವಿಯಲ್ಲಿದ್ದಾನೆ. ಅಲ್ಲಿ ಫೌಂಡ್ರಿಗಳಿಗೆ ಬರ ಇಲ್ಲ. 75 ಮಿ.ಮೀ. ಬೀಡಿನ ಚಕ್ರ ಒಂದು ಎರಕ ಹೊಯ್ಯಿಸಿ ಕೊಡು ಅಂದೆ. ಎರಡು ಕಳಿಸಿದ. 'ಎರಡ್ಯಾಕೋ?' ಅಂದರೆ, 'ಒಂದ ಕೆಡಸ್ತೀರಂತ ಗೊತ್ತೈತ್ರಿ ಭಾವ' ಅಂದ.

ಎರಕದ ಬೀಡಿನ ಮೇಲಿನ ಸಿಪ್ಪೆ ಅಂದರೆ ಯಮ. ಮರಳು ಅಂಟಿಕೊಂಡಿರುತ್ತದೆ. ಬೇಗ ಆರಿದ ಕಡೆ ಗಾಜಿನಷ್ಟು ಗಟ್ಟಿ. ಎಚ್‌ಎಸ್‌ಎಸ್ ಹಾಕಿದೆ, 85 ಆರ್‌ಪಿಎಂ. ಕೀಚ್ ಅಂತ ಒಂದು ಸದ್ದು, ಎರಡು ಸುತ್ತು, ಆಮೇಲೆ ಏನೂ ಬರುತ್ತಿಲ್ಲ. ತೆಗೆದು ನೋಡಿದರೆ ಹತ್ತು ನಿಮಿಷ ಕೂತು ಮಸೆದ ಅಂಚು ಸವೆದು ಹೊಳೆಯುತ್ತಿದೆ. ಮತ್ತೆ ಸಾಣೆ, ಮತ್ತೆ ಅದೇ. ಇನ್ಸರ್ಟ್ ಸ್ವಲ್ಪ ದೂರ ಹೋಯಿತು. ಆದರೆ ಮರಳಿನ ಗುಳಿ ಸಿಕ್ಕ ಕಡೆ ತುದಿ ಹಾರಿತು. ಇನ್ನೊಂದು ಮೂಲೆ ತಿರುಗಿಸಲು ಹೋಗಿ ಸ್ಕ್ರೂ ಕೈಜಾರಿತು. ಎಳ್ಳಿನಷ್ಟು ಸ್ಕ್ರೂ, ಕೆಳಗೆ ಬೀಡಿನ ಕಪ್ಪು ಪುಡಿ. ಮ್ಯಾಗ್ನೆಟ್ ಹಿಡಿದರೆ ಪುಡಿಯೂ ಬರುತ್ತದೆ, ಸ್ಕ್ರೂವೂ ಬರುತ್ತದೆ. ಅರ್ಧ ಗಂಟೆ ಹೋಯಿತು.

ಎಸ್‌ಜೆಪಿ ರೋಡಿನ ಟೂಲ್ ಅಂಗಡಿಗೆ ಹೋಗಿ ವಿಡಿಯಾ ಟೂಲ್ ಕೇಳಿದಾಗ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, 'ಬೀಡಿಗಾ ಸಾರ್, ಎಮ್ಮೆಸ್‌ಗಾ?' ಹಾಗೆ ಬೇರೆ ಬೇರೆ ಇರುತ್ತದೆ ಅನ್ನುವುದು ಆಗ ತಿಳಿಯಿತು. ಉಕ್ಕಿಗೆ 'ಪಿ' ಗುಂಪು, ನೀಲಿ ಗುರುತು. ಬೀಡಿಗೆ 'ಕೆ' ಗುಂಪು, ಕೆಂಪು ಗುರುತು. ಇಷ್ಟು ದಿನ ನಾನು ನೀಲಿ ಇಟ್ಟುಕೊಂಡು ಕೂತಿದ್ದೆ. ಕೆಂಪಿನದು ತಂದು, ಡೈಮಂಡ್ ವೀಲಿನಲ್ಲಿ ಅಂಚು ಸರಿ ಮಾಡಿ, 200 ಆರ್‌ಪಿಎಂ ಇಟ್ಟು, ಹೆದರದೆ ಒಂದು ಮಿ.ಮೀ. ಆಳ ಕೊಟ್ಟೆ. ತುದಿ ಸಿಪ್ಪೆಯ ಅಡಿಗೆ ಹೋಗಬೇಕು, ಮೇಲೆ ಕೆರೆಯಬಾರದು. ಲೇತ್ ನರಳಿತು, ಆದರೆ ನಿಲ್ಲಲಿಲ್ಲ. ಸಿಪ್ಪೆ ಹೋಳುಹೋಳಾಗಿ ಉದುರಿತು. ಒಳಗಿನ ಬೀಡು ಬೆಣ್ಣೆ. ಅಲ್ಲಿಂದ ಮುಂದಕ್ಕೆ ಎಚ್‌ಎಸ್‌ಎಸ್ ಸಾಕಾಯಿತು. ಎರಡನೇ ಚಕ್ರ ಇನ್ನೂ ಹಾಗೇ ಇದೆ, ಬೆಳಗಾವಿಗೆ ಫೋಟೋ ಕಳಿಸಿದೆ.

ಅಲ್ಯೂಮಿನಿಯಂ ಕಂಬಗಳಲ್ಲಿ ಹೆಚ್ಚು ಹೇಳುವುದಿಲ್ಲ. ಅಲ್ಲಿ ಇನ್ಸರ್ಟೇ ಗೆದ್ದಿತು, ಆದರೆ ಬಂಗಾರದ ಬಣ್ಣದ ಮಾಮೂಲಿ ಇನ್ಸರ್ಟ್ ಅಲ್ಲ. ಸಿಸಿಜಿಟಿ ಅಂತ ಬರುತ್ತದೆ, ಕನ್ನಡಿಯ ಹಾಗೆ ಪಾಲಿಶ್ ಆಗಿರುತ್ತದೆ, ಅಂಚು ನಿಜವಾಗಿಯೂ ಹರಿತ, ಮುಟ್ಟಿದರೆ ಕೈ ಕೊಯ್ಯುತ್ತದೆ. ಎಚ್‌ಎಸ್‌ಎಸ್ ಮೇಲೆ ಅಲ್ಯೂಮಿನಿಯಂ ಅಂಟಿಕೊಂಡು ಗಂಟು ಕಟ್ಟುತ್ತಿತ್ತು, ಇದರ ಮೇಲೆ ನಿಲ್ಲಲೇ ಇಲ್ಲ. ಇದನ್ನೇ ಎಂ.ಎಸ್.ಗೆ ಹಾಕಿದರೆ ಸಣ್ಣ ಕಟ್ ಚೆನ್ನಾಗಿ ತೆಗೆಯುತ್ತದೆ, ಬಾಳಿಕೆ ಮಾತ್ರ ಕಡಿಮೆ. ಸಾಣೆ ಹಿಡಿಯುವುದೇ ಬೇಡ ಅನ್ನುವವರು ಸಿಸಿಎಂಟಿ ಬಿಟ್ಟು ಇದನ್ನೇ ತಗೊಳ್ಳಿ.

ಹಿತ್ತಾಳೆಗೆ ಎಚ್‌ಎಸ್‌ಎಸ್, ಅದೂ ಮೇಲ್ಭಾಗ ಪೂರ್ತಿ ಚಪ್ಪಟೆ. ಇಳಿಜಾರು ಕೊಟ್ಟರೆ ಟೂಲನ್ನು ಒಳಗೆ ಎಳೆದುಕೊಳ್ಳುತ್ತದೆ. ಕನ್ನಡಕ ಹಾಕಿ, ಹಿತ್ತಾಳೆ ಸೂಜಿಸೂಜಿಯಾಗಿ ಮುಖಕ್ಕೆ ಹಾರುತ್ತದೆ.

ಕ್ರ್ಯಾಂಕಿನ ತಟ್ಟೆಗೆ ಸಿಕ್ಕಿದ್ದು ಸಂಡೆ ಬಜಾರಿನ ಗುಜರಿಯಲ್ಲಿ 25 ಮಿ.ಮೀ. ಚೌಕದ ಎಂ.ಎಸ್. ತುಂಡು. ಚೌಕವನ್ನು ದುಂಡು ಮಾಡುವಾಗ ಟೂಲಿಗೆ ಸುತ್ತಿಗೆ ಏಟು ಬಿದ್ದ ಹಾಗೆ. ಟಕ್ ಟಕ್ ಟಕ್. ಎಚ್‌ಎಸ್‌ಎಸ್ ಎಮ್ಮೆಯ ಹಾಗೆ ತಡೆದುಕೊಂಡಿತು. ಇನ್ಸರ್ಟ್ ಎರಡು ಮೂಲೆ ಕಳೆದುಕೊಂಡಿತು. ವಿಡಿಯಾ ಹೊಡೆತ ತಡೆಯಿತು, ಆದರೆ ನಡುವೆ ಕರೆಂಟ್ ಹೋಯಿತು. ಟೂಲ್ ಲೋಹದೊಳಗೆ ಇರುವಾಗಲೇ ಚಕ್ (ತುಂಡನ್ನು ಹಿಡಿದು ತಿರುಗಿಸುವ ಭಾಗ) ನಿಂತರೆ ಕಾರ್ಬೈಡಿನ ತುದಿ ಉಳಿಯುವುದು ಕಷ್ಟ. ಉಳಿಯಲಿಲ್ಲ. ಸಂಜೆ ಹೊತ್ತು ಕರೆಂಟ್ ನಂಬಲಾಗದ ಕಡೆ ಇರುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಖರ್ಚು. ಎಚ್‌ಎಸ್‌ಎಸ್ ಬಿಟ್ ಒಂದಕ್ಕೆ ನಾನು ಕೊಟ್ಟದ್ದು 180 ರೂಪಾಯಿ, ವಿಡಿಯಾ 110, ಏಳು ಹೋಲ್ಡರಿನ ಇನ್ಸರ್ಟ್ ಸೆಟ್ 3,200. ಎಚ್‌ಎಸ್‌ಎಸ್ ಅಗ್ಗ ಅಂತ ಕಾಣುತ್ತದೆ, ಆದರೆ ಗ್ರೈಂಡರ್ ಬೇಕು, ಕಲಿಯಲು ಬಿಟ್ಟುಗಳು ಬಲಿ ಆಗಬೇಕು. ನನ್ನ ಮೊದಲ ಎರಡು ಬಿಟ್ ಪೆನ್ಸಿಲ್ ಕೆತ್ತಿದ ಹಾಗೆ ಆದವು. ಪಕ್ಕದ ಮನೆಯ ಆಂಟಿ ಆ ಸದ್ದಿಗೆ ಬೇಸತ್ತು ಗೋಡೆ ಮೇಲಿಂದ ಇಣುಕಿ, 'ಇನ್ನೂ ಎಷ್ಟು ದಿನಾಪ್ಪಾ?' ಅಂದರು. ಮುಂದೆ ಮತ್ತು ಪಕ್ಕದಲ್ಲಿ 10 ಡಿಗ್ರಿ ಕ್ಲಿಯರೆನ್ಸ್, ಉಕ್ಕಿಗೆ ಮೇಲೆ 12ರಿಂದ 15 ಡಿಗ್ರಿ ಇಳಿಜಾರು, ಮೂಗಿಗೆ ಚೂರು ದುಂಡು. ಇಷ್ಟೇ ವಿದ್ಯೆ. ಕೈಗೆ ಕೂರಲು ಮೂರು ವಾರ ಬೇಕಾಯಿತು.

ಇನ್ನೊಂದು, ಮೂರಕ್ಕೂ ಸೇರಿದ್ದು. ಟೂಲಿನ ತುದಿ ಸರಿಯಾಗಿ ಸೆಂಟರ್ ಎತ್ತರದಲ್ಲಿ, ಅಂದರೆ ತಿರುಗುವ ಕಡ್ಡಿಯ ನಡುಮಟ್ಟಕ್ಕೆ, ಇರಲೇಬೇಕು. ಕಡ್ಡಿಗೂ ತುದಿಗೂ ನಡುವೆ ಆರಿಂಚಿನ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಸಿಕ್ಕಿಸಿ. ನೆಟ್ಟಗೆ ನಿಂತರೆ ಎತ್ತರ ಸರಿ. ಮೇಲ್ತುದಿ ನಿಮ್ಮ ಕಡೆ ಬಾಗಿದರೆ ಟೂಲ್ ಕೆಳಗಿದೆ, ಅಡಿಗೆ ಶಿಮ್ ಹಾಕಿ. ನಾನು ಹಾಕುವುದು ತಂಪು ಪಾನೀಯದ ಡಬ್ಬಿಯ ತಗಡು.

ಈಗ ನನ್ನ ಟೂಲ್ ಪೋಸ್ಟಿನ ನಾಲ್ಕು ಬಾಯಿಗಳಲ್ಲಿ ಒಂದರಲ್ಲಿ ಉಕ್ಕಿಗೆ ಮಸೆದ ಎಚ್‌ಎಸ್‌ಎಸ್, ಒಂದರಲ್ಲಿ ಹಿತ್ತಾಳೆಗೆ ಚಪ್ಪಟೆ ಎಚ್‌ಎಸ್‌ಎಸ್, ಮೂರನೆಯದರಲ್ಲಿ ಸಿಸಿಜಿಟಿ ಇದೆ. ಕೆಂಪು ವಿಡಿಯಾ ಡ್ರಾಯರಿನಲ್ಲಿ ಮುಂದಿನ ಎರಕಕ್ಕೆ ಕಾಯುತ್ತಿದೆ. ನಾಲ್ಕನೆಯದು ಪಾರ್ಟಿಂಗ್ ಟೂಲಿಗೆ ಅಂತ ಇಟ್ಟಿದ್ದೆ. ಮುಗಿದ ಪಿಸ್ಟನ್ನನ್ನು ಕಡ್ಡಿಯಿಂದ ಕತ್ತರಿಸಿ ಬೇರೆ ಮಾಡುವ ಕೆಲಸ. ಅದರಲ್ಲೂ ಮೂರು ಥರ ತಂದು ನೋಡಿದೆ. ಎಚ್‌ಎಸ್‌ಎಸ್ ಬ್ಲೇಡ್ ಸಿಕ್ಕಿಕೊಂಡಿತು, ವಿಡಿಯಾ ಮುರಿಯಿತು, ಇನ್ಸರ್ಟ್ ಚಕ್ಕಿನಿಂದ ಕಡ್ಡಿಯನ್ನೇ ಕಿತ್ತುಕೊಂಡು ಬಂತು. ಆ ಬಾಯಿ ಖಾಲಿ ಇದೆ. ಪಕ್ಕದ ಮೊಳೆಗೆ ಗರಗಸ ನೇತುಹಾಕಿದ್ದೇನೆ.