ಮಿಯಾಟಾ, ಆರ್‌ಎಕ್ಸ್-8, 350ಝಡ್: ಹತ್ತು ಅಡಿ ಓಡಿಸಿ ಮಾಡಿದ ತೀರ್ಮಾನ

ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಹುಡುಕಿಕೊಂಡು ಹೊರಟ ನಾನು ಕೊನೆಗೆ ಕೊಂಡಿದ್ದು ಮಜ್ದಾ ಎಂಎಕ್ಸ್-5, ಬಟ್ಟೆಯ ಮಾಡಿನ ಎರಡು ಸೀಟಿನ ಕಾರು. ಎಲ್ಲರೂ ಮಿಯಾಟಾ ಅನ್ನುತ್ತಾರಲ್ಲ, ಅದೇ. 1998ರಿಂದ 2005ರವರೆಗೆ ಬಂದ ಎರಡನೇ ತಲೆಮಾರಿನ ಕಾರು. ಮೂರು ವರ್ಷದಿಂದ ಓಡಿಸುತ್ತಿದ್ದೇನೆ, ಮಾರುವ ಯೋಚನೆ ಇಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ತಕ್ಕಡಿ ಒಂದು ಕಡೆ ವಾಲಿದೆ. ಅದನ್ನು ಗಮನದಲ್ಲಿಟ್ಟುಕೊಂಡೇ ಓದಿ.

ಆದರೆ ಶುರುವಿನಲ್ಲಿ ನಾನು ಹುಡುಕುತ್ತಿದ್ದದ್ದು ಇದನ್ನಲ್ಲ. ನನಗೆ ಬೇಕಿದ್ದದ್ದು ಮಜ್ದಾದ್ದೇ ಇನ್ನೊಂದು ಕಾರು, ಆರ್‌ಎಕ್ಸ್-8. ಅದು ಬಿಟ್ಟರೆ ನಿಸ್ಸಾನ್ 350ಝಡ್. ನನ್ನ ಬಳಿ ಇದ್ದ ದುಡ್ಡಿಗೆ ಈ ಮೂರೂ ಸಿಗುತ್ತಿದ್ದವು. ಹೋಂಡಾ ಎಸ್2000 ಕೈಗೆ ಎಟುಕಲಿಲ್ಲ. ಟೊಯೋಟಾ 86 ಮತ್ತು ಅದರ ಜೋಡಿ ಸುಬಾರು ಬಿಆರ್‌ಝಡ್ 2012ರ ನಂತರದವು, ಅವೂ ನನ್ನ ಲೆಕ್ಕದ ಆಚೆಗೇ ಉಳಿದವು. ಟೊಯೋಟಾ ಎಂಆರ್-ಎಸ್ ಓಡಿಸಿದರೆ ಖುಷಿ, ಆದರೆ ಎರಡು ದಿನದ ಬಟ್ಟೆ ಇಡುವುದಕ್ಕೂ ಪರದಾಡಬೇಕು. ಬಿಟ್ಟೆ.

ಯಾವುದಕ್ಕೆ ಎಷ್ಟು ಅಶ್ವಶಕ್ತಿ, ನೂರು ಮುಟ್ಟಲು ಎಷ್ಟು ಸೆಕೆಂಡು ಅನ್ನುವುದೆಲ್ಲ ಇಲ್ಲಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ. ನನ್ನ ತೀರ್ಮಾನಕ್ಕೆ ಅದು ಬರಲೂ ಇಲ್ಲ.

ಆರ್‌ಎಕ್ಸ್-8 ಸಿಕ್ಕಿದ್ದು ಗೆಳೆಯನಿಂದ. ಅವನು ಒಂದು ತಿಂಗಳು ಊರಲ್ಲಿ ಇರುವುದಿಲ್ಲ ಅಂತ ಕೀಲಿ ನನ್ನ ಕೈಗೆ ಕೊಟ್ಟ. "ಕೊಳ್ಳೋ ಮುಂಚೆ ಒಂದು ತಿಂಗಳು ಇದರ ಜೊತೆ ಬಾಳು, ನಿಂಗೇ ಗೊತ್ತಾಗುತ್ತೆ" ಅಂದ. ಮೊದಲ ಎರಡು ವಾರ ನನಗೆ ಗೊತ್ತಾದದ್ದು ಇಷ್ಟೇ: ಇಷ್ಟು ನಯವಾದ ಇಂಜಿನ್ ನಾನು ಮುಟ್ಟಿಯೇ ಇರಲಿಲ್ಲ. ಇದರಲ್ಲಿ ಪಿಸ್ಟನ್ನೇ ಇಲ್ಲ. ಉಬ್ಬಿದ ತ್ರಿಕೋನದಂಥ ಎರಡು ರೋಟರ್, ಒಂದೊಂದಕ್ಕೆ 654 ಸಿಸಿ. ಆರು ಗೇರಿನ ಮಾದರಿ 9000 ಆರ್‌ಪಿಎಂವರೆಗೆ ನಡುಕವೇ ಇಲ್ಲದೆ ಏರುತ್ತದೆ. ಮಿತಿ ಬಂತು ಅಂತ ಒಂದು ಬೀಪ್ ಎಚ್ಚರಿಸುತ್ತದೆ. ಆ ಬೀಪ್ ಇಲ್ಲದಿದ್ದರೆ ನನ್ನ ಕಾಲು ಪೆಡಲ್ ಬಿಡುತ್ತಲೇ ಇರಲಿಲ್ಲ. ಹಿಂದಿನ ಬಾಗಿಲು ಉಲ್ಟಾ ತೆರೆದುಕೊಳ್ಳುತ್ತದೆ, ನಡುವೆ ಕಂಬವಿಲ್ಲ, ನಾಲ್ಕು ಜನ ನಿಜಕ್ಕೂ ಕೂರಬಹುದು. ಕೊಂಡೇಬಿಡೋಣ ಅಂದುಕೊಂಡಿದ್ದೆ.

ಮೂರನೇ ವಾರದ ಭಾನುವಾರ ಬೆಳಿಗ್ಗೆ. ಪಕ್ಕದ ಮನೆಯವರ ಕಾರು ಹೊರಗೆ ಬರಬೇಕು, ಆರ್‌ಎಕ್ಸ್-8 ಅಡ್ಡ ನಿಂತಿದೆ. ಹೋದೆ, ಸ್ಟಾರ್ಟ್ ಮಾಡಿದೆ, ಹತ್ತು ಅಡಿ ಹಿಂದಕ್ಕೆ ತೆಗೆದೆ, ಆಫ್ ಮಾಡಿದೆ. ಎಲ್ಲ ಸೇರಿ ಅರ್ಧ ನಿಮಿಷ. ಒಂದು ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಇಂಜಿನ್ ಸುಮ್ಮನೆ ಗರಗರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ತಿರುಗುವ ಸದ್ದೂ ಬೇರೆ. ಎಂದಿನ ಬಿಗಿ ಇಲ್ಲ, ಹಲ್ಲಿಲ್ಲದ ಬಾಯಲ್ಲಿ ಅಗಿದ ಹಾಗೆ. ಜೊತೆಗೆ ಗಾಢವಾದ ಪೆಟ್ರೋಲ್ ವಾಸನೆ.

ಆಗಿದ್ದು ಏನೆಂದರೆ, ತಣ್ಣಗಿರುವ ಇಂಜಿನ್‌ಗೆ ಸ್ಟಾರ್ಟ್ ಮಾಡುವಾಗ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬಿಸಿಯಾಗುವ ಮುಂಚೆಯೇ ಆಫ್ ಮಾಡಿದರೆ ಉರಿಯದ ಪೆಟ್ರೋಲ್ ಒಳಗೇ ಉಳಿಯುತ್ತದೆ. ರೋಟರ್‌ನ ತುದಿಗಳಲ್ಲಿರುವ ಸೀಲುಗಳಿಗೆ ಅಂಟಿಕೊಂಡ ಆಯಿಲನ್ನು ಅದು ತೊಳೆದುಹಾಕುತ್ತದೆ. ಆಯಿಲ್ ಹೋದರೆ ಸೀಲು ಗಾಳಿಯನ್ನು ಹಿಡಿದಿಡುವುದಿಲ್ಲ, ಕಂಪ್ರೆಶನ್, ಅಂದರೆ ಒಳಗಿನ ಗಾಳಿಯನ್ನು ಒತ್ತುವ ಬಲ, ಬೀಳುತ್ತದೆ. ಪ್ಲಗ್ಗುಗಳೂ ನೆಂದಿರುತ್ತವೆ. ಇದಕ್ಕೆ ಎಲ್ಲರೂ ಹೇಳುವ ಹೆಸರು ಫ್ಲಡ್ಡಿಂಗ್.

ಗೆಳೆಯನಿಗೆ ಫೋನ್ ಮಾಡಿದೆ. "ತಣ್ಣಗಿದ್ದಾಗಲೇ ಆಫ್ ಮಾಡಿದ್ಯಾ?" ಅಂತ ಕೇಳಿದ. ಹೂಂ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಪಾಠ ಶುರುವಾಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿ, ಆಗ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಹಾಗೇ ಹತ್ತು ಸೆಕೆಂಡು ಕೀಲಿ ತಿರುಗಿಸಿ ಹಿಡಿದು ಕ್ರ್ಯಾಂಕ್ ಮಾಡು. ಸ್ಟಾರ್ಟರ್ ಆರಲು ಬಿಡು. ಮತ್ತೆ ಮಾಡು. ಮಾಡಿದೆ, ಮಾಡಿದೆ, ಬ್ಯಾಟರಿ ಇಳಿಯಿತು. ಪಕ್ಕದ ಮನೆಯವರು ಪಾಪ, ತಮ್ಮ ಕಾರಿನಿಂದಲೇ ಜಂಪರ್ ಕೇಬಲ್ ಹಾಕಿಕೊಟ್ಟರು. ಆಗಲೂ ಆಗಲಿಲ್ಲ. ಮಾರನೇ ದಿನ ಗಾಲಿ ಬಿಚ್ಚಿ, ಆ ಸಂದಿಯಿಂದ ಕೈ ತೂರಿಸಿ ನಾಲ್ಕೂ ಪ್ಲಗ್ ತೆಗೆದೆ. ರೋಟರ್‌ಗೆ ಎರಡೆರಡು ಪ್ಲಗ್, ಮೇಲಿನದಕ್ಕೂ ಕೆಳಗಿನದಕ್ಕೂ ತಂತಿ ಅದಲುಬದಲು ಆಗಬಾರದು ಅಂತ ಟೇಪ್ ಸುತ್ತಿ ಗುರುತು ಹಾಕಿಕೊಂಡೆ. ಒಣಗಿಸಿ, ಪ್ಲಗ್ ಹಾಕದೆಯೇ ತಿರುಗಿಸಿ ಒಳಗಿನ ಪೆಟ್ರೋಲ್ ಹೊರಗೆ ಹಾಕಿ, ಸ್ವಲ್ಪ ಆಯಿಲ್ ಬಿಟ್ಟು, ಮತ್ತೆ ಕೂರಿಸಿದೆ. ಹತ್ತಿಕೊಂಡಿತು. ಬೀದಿ ತುಂಬ ಬಿಳಿ ಹೊಗೆ.

ತಪ್ಪು ಕಾರಿನದಲ್ಲ, ನನ್ನದು. ಸ್ಟಾರ್ಟ್ ಮಾಡಿದರೆ ಇಂಜಿನ್ ಬಿಸಿ ತೋರಿಸುವ ಮುಳ್ಳು ನಡುವಿಗೆ ಬರುವ ತನಕ ಆಫ್ ಮಾಡಬಾರದು ಅನ್ನುವುದು ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ. ಹತ್ತು ಅಡಿ ಸರಿಸಬೇಕಾದರೆ ನ್ಯೂಟ್ರಲ್ ಮಾಡಿ ತಳ್ಳಿಬಿಡಬೇಕು. ಆದರೆ ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ನಾನು ವಾರಕ್ಕೆ ಎಷ್ಟು ಸಲ ಕಾರು ಹತ್ತು ಅಡಿ ಸರಿಸುತ್ತೇನೆ? ತೊಳೆಯುವುದಕ್ಕೆ ಒಂದು ಸಲ, ದಾರಿ ಬಿಡುವುದಕ್ಕೆ ಎರಡು ಸಲ, ಬೀದಿ ಕೊನೆಯ ಅಂಗಡಿಗೆ ಸೋಮಾರಿತನದಿಂದ ಇನ್ನೊಂದೆರಡು ಸಲ. ನನ್ನ ಬದುಕೇ ಹತ್ತು ಅಡಿಯದು. ಈ ಇಂಜಿನ್ ಅದಕ್ಕೆ ಹುಟ್ಟಿದ್ದಲ್ಲ.

ಇನ್ನೊಂದು ವಿಷಯ ಆ ತಿಂಗಳಲ್ಲೇ ತಿಳಿಯಿತು. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್-8 ಕೊಳ್ಳುವವರು ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಅದನ್ನೂ ಸಾದಾ ಗೇಜ್‌ನಲ್ಲಿ ಮಾಡಿಸಿದರೆ ಪ್ರಯೋಜನವಿಲ್ಲ. ಒಂದು ರೋಟರ್‌ಗೆ ಮೂರು ಮುಖ. ಸಾದಾ ಗೇಜ್ ಮೂರರಲ್ಲಿ ಚೆನ್ನಾಗಿರುವುದರ ಅಂಕಿಯನ್ನಷ್ಟೇ ಹಿಡಿದು ನಿಲ್ಲುತ್ತದೆ, ಕೆಟ್ಟ ಮುಖ ಅದರ ಹಿಂದೆ ಅಡಗಿಕೊಳ್ಳುತ್ತದೆ. ಮೂರನ್ನೂ ಬೇರೆಬೇರೆ ತೋರಿಸುವ ರೋಟರಿ ಟೆಸ್ಟರ್ ಬೇಕು. ಅದು ಇರುವ ಗ್ಯಾರೇಜ್ ಹುಡುಕುವುದೇ ಒಂದು ಕೆಲಸ. ಅದಿಲ್ಲದಿದ್ದರೆ ಇಂಜಿನ್ ಚೆನ್ನಾಗಿ ಕಾದ ಮೇಲೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ. ಬಿಸಿಯಲ್ಲಿ ಎಳೆದಾಡಿದರೆ ಸೀಲು ಸವೆದಿರುವ ಅನುಮಾನ ಪಡಬಹುದು.

ಆಯಿಲ್ ಕುಡಿಯುತ್ತದೆ. ಅದು ರೋಗವಲ್ಲ, ಸೀಲುಗಳಿಗಾಗಿ ಬೇಕೆಂದೇ ಒಳಗೆ ಬಿಡುವ ಆಯಿಲ್.

350ಝಡ್ ಎರಡು ವಾರಾಂತ್ಯ ಓಡಿಸಿದೆ, ಸಹೋದ್ಯೋಗಿಯೊಬ್ಬರದು. 3.5 ಲೀಟರ್ ವಿ6. ಯಾವ ಗೇರಿನಲ್ಲಿದ್ದರೂ ಕೇಳಿದಷ್ಟು ಕೊಡುತ್ತದೆ. ಹತ್ತು ಅಡಿ ಸರಿಸಿ ಆಫ್ ಮಾಡಿದರೂ ಮುನಿಸಿಲ್ಲ. ಹೆದ್ದಾರಿಯಲ್ಲಿ ಮೂರು ಗಂಟೆ ಕೂತರೂ ಬೆನ್ನು ನೋಯಲಿಲ್ಲ. ಹಾಗಾದರೆ ಯಾಕೆ ಕೊಳ್ಳಲಿಲ್ಲ? ಟೈರ್. ಹಿಂದಿನವು ಮುಂದಿನವಕ್ಕಿಂತ ಅಗಲ, ಹಾಗಾಗಿ ಹಿಂದೆ ಮುಂದೆ ಬದಲಾಯಿಸಿ ಸವೆತ ಹಂಚುವ ಹಾಗಿಲ್ಲ. ಆ ಅಳತೆಯ ನಾಲ್ಕು ಒಳ್ಳೆಯ ಟೈರಿನ ಬೆಲೆ ಕೇಳಿದ ಮೇಲೆ ನನ್ನ ಮುಖ ಸಪ್ಪಗಾಯಿತು. ಡಿಕ್ಕಿಯಲ್ಲಿ ಅಡ್ಡಲಾಗಿ ಒಂದು ದಪ್ಪ ಕಬ್ಬಿಣದ ಪಟ್ಟಿ ಇದೆ, ಕಾರು ಬಿಗಿಯಾಗಿರಲಿ ಅಂತ. ಕಾರು ಬಿಗಿಯೇನೋ ಹೌದು, ಸೂಟ್‌ಕೇಸ್ ಕೂರುವುದಿಲ್ಲ. ಮತ್ತೆ ಸುಮಾರು ಒಂದೂವರೆ ಟನ್ ತೂಕ. ಮಜಾ ಬರಬೇಕಾದರೆ ವೇಗ ಬೇಕು. ಮೊದಲ ಸ್ಪೋರ್ಟ್ಸ್ ಕಾರು ಓಡಿಸುವ ನನ್ನಂಥವನಿಗೆ ಆ ವೇಗದಲ್ಲಿ ತಪ್ಪು ಮಾಡುವ ಧೈರ್ಯ ಇರಲಿಲ್ಲ.

ಮಿಯಾಟಾ ಇದಕ್ಕೆ ತದ್ವಿರುದ್ಧ. ತೂಕ ಸುಮಾರು ಒಂದು ಟನ್. ಇಂಜಿನ್ ಸಾಧಾರಣ ನಾಲ್ಕು ಸಿಲಿಂಡರಿನದು, ಯಾವ ಮೆಕ್ಯಾನಿಕ್ಕೂ ಹೆದರುವುದಿಲ್ಲ. ಐವತ್ತು ಕಿಲೋಮೀಟರ್ ವೇಗದ ತಿರುವಿನಲ್ಲೇ ನಗು ಬರುತ್ತದೆ. ಗೇರ್ ಹಾಕುವುದಕ್ಕೆ ಮಣಿಕಟ್ಟು ತಿರುಗಿಸಿದರೆ ಸಾಕು. ಟೈರ್ ಚಿಕ್ಕವು, ನಾಲ್ಕೂ ಒಂದೇ ಅಳತೆ. ಮೊದಲ ತಲೆಮಾರಿನದರಲ್ಲಿ ಎದ್ದು ನಿಲ್ಲುವ ಹೆಡ್‌ಲೈಟ್ ಇರುತ್ತದೆ, ಅದಕ್ಕೇ ಅದಕ್ಕೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ. ನನಗೆ ಗಾಜಿನ ಹಿಂಗಿಟಕಿ ಮುಖ್ಯವಾಗಿತ್ತು. ಹಳೆಯದರ ಪ್ಲಾಸ್ಟಿಕ್ ಕಿಟಕಿ ಬಿಸಿಲಿಗೆ ಮಬ್ಬಾಗುತ್ತದೆ.

ಇದಕ್ಕೂ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ತುಕ್ಕು. ಬಟ್ಟೆಯ ಮಾಡಿನ ಮೇಲೆ ಬಿದ್ದ ನೀರು ಸೀಟುಗಳ ಹಿಂದೆ ಎರಡು ತೂತಿನಲ್ಲಿ ಇಳಿದು ಹಿಂದಿನ ಗಾಲಿಯ ಮುಂದೆ ಹೊರಗೆ ಬೀಳಬೇಕು. ಮರದ ಕೆಳಗೆ ನಿಲ್ಲಿಸಿದರೆ ಎಲೆ ಕಟ್ಟಿಕೊಳ್ಳುತ್ತದೆ. ಆಮೇಲೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ಪಟ್ಟಿಯನ್ನು ತಿನ್ನುತ್ತದೆ. ನಾನು ನೋಡಿದ ಮೊದಲ ಮಿಯಾಟಾದಲ್ಲಿ ಮಾರುವವರು ಹೊಸ ಬಣ್ಣ ಹೊಡೆಸಿದ್ದರು, ಕಣ್ಣು ಕುಕ್ಕುತ್ತಿತ್ತು. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಕೊಳೆತ ವಾಸನೆ. ಕೆಳಗಿನ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿದೆ, ಬಿಸ್ಕತ್ತಿನ ಹಾಗೆ ಮುರಿಯಿತು. ನಮಸ್ಕಾರ ಹೇಳಿ ಬಂದೆ. ಈ ತಲೆಮಾರಿನದರಲ್ಲಿ ಮುಂದಿನ ಚಾಸಿ ರೈಲೂ (ಕಾರಿನ ಅಡಿಯಲ್ಲಿ ಉದ್ದಕ್ಕೆ ಹೋಗುವ ಆಧಾರದ ತೊಲೆ) ಒಳಗಿಂದ ತುಕ್ಕು ಹಿಡಿಯುತ್ತದೆ, ಕಾರನ್ನು ಎತ್ತಿಸಿ ಕೆಳಗಿನಿಂದ ನೋಡಲೇಬೇಕು. ಮೂರನೆಯ ಕಾರು ನನ್ನದಾಯಿತು. ಬಣ್ಣ ಮಾಸಿತ್ತು, ಆದರೆ ಒಂದು ಲೋಟ ನೀರು ತೂತಿಗೆ ಸುರಿದರೆ ಸರಾಗವಾಗಿ ಕೆಳಗೆ ಬಿತ್ತು. ಆ ಒಂದು ಲೋಟ ನೀರಿನ ಮೇಲೆ ಕೊಂಡೆ ಅಂದರೂ ತಪ್ಪಲ್ಲ.

ದುಡ್ಡಿನ ಮಾತು. ಇದ್ದ ಹಣದಲ್ಲಿ ಮೂರನೇ ಒಂದು ಭಾಗ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಕಾರು ಹುಡುಕಿದ್ದೆ. ಇಂಜಿನ್ ಒಳಗಿನ ಚಲನೆಗಳನ್ನು ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್ ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಬದಲಾಯಿಸಬೇಕು, ಹಿಂದಿನವರ ಬಳಿ ಚೀಟಿ ಇರಲಿಲ್ಲ, ಬಂದ ವಾರವೇ ಹಾಕಿಸಿದೆ. ಕ್ಲಚ್ ಬಿಡಿಸುವ ಸಣ್ಣ ಪಂಪಿನಂಥ ಸ್ಲೇವ್ ಸಿಲಿಂಡರ್ ಸೋರುವುದು ಈ ಕಾರಿನ ಹಳೆಯ ಚಾಳಿ, ಎಂಟು ತಿಂಗಳಿಗೆ ನನ್ನದೂ ಸೋರಿತು. ಒಂದು ಮಧ್ಯಾಹ್ನದಲ್ಲಿ ನಾನೇ ಬದಲಾಯಿಸಿದೆ. ಪಕ್ಕಕ್ಕಿಟ್ಟ ದುಡ್ಡು ಇನ್ನೂ ಪೂರ್ತಿ ಮುಗಿದಿಲ್ಲ.

ನಾನು ಬಹುಪಾಲು ಒಬ್ಬನೇ ಓಡಾಡುವವನು, ಸಣ್ಣ ದೂರ, ರಾತ್ರಿ ಬಯಲಲ್ಲೇ ನಿಲ್ಲಿಸುವವನು, ಸ್ಪ್ಯಾನರ್ ಹಿಡಿಯಲು ಬರುವವನು. ನೀವು ಪ್ರತಿವಾರ ಇನ್ನೂರು ಕಿಲೋಮೀಟರ್ ಹೆದ್ದಾರಿ ಹಿಡಿಯುವವರಾದರೆ 350ಝಡ್ ನೋಡಿ, ಟೈರಿನ ದುಡ್ಡು ಮೊದಲೇ ತೆಗೆದಿಡಿ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರಬೇಕು, ಕಾರು ತೆಗೆದರೆ ಅರ್ಧ ಗಂಟೆಗೆ ಕಡಿಮೆ ಓಡಿಸುವುದೇ ಇಲ್ಲ ಅಂದರೆ ಆರ್‌ಎಕ್ಸ್-8 ನಿಮ್ಮನ್ನು ಖುಷಿಯಾಗಿಡುತ್ತದೆ. ನನ್ನ ಗೆಳೆಯ ಇಂದಿಗೂ ಅದನ್ನೇ ಇಟ್ಟುಕೊಂಡಿದ್ದಾನೆ. ಊರಿಗೆ ಹೋಗುವಾಗ ಈಗಲೂ ಕಾರು ನನ್ನ ಮನೆ ಮುಂದೆಯೇ ಬಿಡುತ್ತಾನೆ. ಹ್ಯಾಂಡ್‌ಬ್ರೇಕ್ ಹಾಕದೆ ಗಾಲಿಗೆ ಕಲ್ಲು ಕೊಟ್ಟು, "ಸರಿಸಬೇಕಾದ್ರೆ ತಳ್ಳು" ಅಂತ ಹೇಳಿ, ಕೀಲಿ ಮಾತ್ರ ತನ್ನ ಜೇಬಿಗೇ ಹಾಕಿಕೊಂಡು ಹೋಗುತ್ತಾನೆ.